ಆರು ತಿಂಗಳು ಕಾಯುವುದು ಯಾರಿಗಾಗಿ?

ಗಾಯಕ ಚಂದನ್ ಶೆಟ್ಟಿ ಮತ್ತು ನಟಿ ನಿವೇದಿತಾ ಗೌಡ 2024ರ ಜೂನ್‌ನಲ್ಲಿ ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯದಲ್ಲಿ ಪರಸ್ಪರ ಒಪ್ಪಿಗೆಯಿಂದ ಬೇರೆಯಾದರು. ಅವರು ಏಕೆ ಬೇರೆಯಾದರು ಎಂಬುದು ಅವರಿಬ್ಬರಿಗೆ ಬಿಟ್ಟ ವಿಷಯ. ಆದರೆ ಇಷ್ಟು ಬೇಗ ಹೇಗೆ ಬೇರೆಯಾದರು ಎಂದು ಹಲವರು ಕೇಳಿದ್ದರಲ್ಲಿ ಅರ್ಥವಿತ್ತು. ಒಪ್ಪಿ ಬೇರೆಯಾಗುವವರು ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು ಎನ್ನುತ್ತದೆ ಕಾಯ್ದೆ; ಇವರಿಗೆ ಅರ್ಜಿ ಹಾಕಿದ ಬೆನ್ನಲ್ಲೇ ತೀರ್ಪು ಬಂದಿತ್ತು. ಕೌಟುಂಬಿಕ ನ್ಯಾಯಾಲಯವಿರುವ ಸಿದ್ದಯ್ಯ ರಸ್ತೆಯ ನ್ಯಾಯದೇಗುಲದ ಮೆಟ್ಟಿಲಿಳಿಯುವಾಗ ಆರು ತಿಂಗಳಾಚೆಯ ತಾರೀಖನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳುವ ದಂಪತಿಗಳಿಗೆ ಕೊರತೆಯಿಲ್ಲ. ಹೆಸರಿದ್ದವರಿಗೆ ಒಂದು ಕಾನೂನು, ನಮಗೊಂದು ಕಾನೂನೇ ಎಂದು ಅವರಿಗೆ ಅನ್ನಿಸಿದ್ದರೆ ತಪ್ಪೇನಿಲ್ಲ. ಕಾನೂನು ಒಂದೇ. ಆದರೆ ಅದರಲ್ಲಿ ವಿನಾಯಿತಿಗೆ ಜಾಗವಿದೆ, ಆ ವಿನಾಯಿತಿ ಎಲ್ಲರ ಕೈಗೂ ಒಂದೇ ಸಲೀಸಿನಲ್ಲಿ ಸಿಗುವುದಿಲ್ಲ.

ಹಿಂದೂ ವಿವಾಹ ಕಾಯ್ದೆ 1955ರಲ್ಲಿ ಬಂದಾಗ ಅದರಲ್ಲಿ ಒಪ್ಪಿ ಬೇರೆಯಾಗುವ ಅವಕಾಶವೇ ಇರಲಿಲ್ಲ. ಹಿಂದಿನ ವರ್ಷ ಅಂಗೀಕಾರವಾಗಿದ್ದ ವಿಶೇಷ ವಿವಾಹ ಕಾಯ್ದೆಯಲ್ಲಿ ಇತ್ತು. ಶಾಸ್ತ್ರೋಕ್ತವಾಗಿ ಮದುವೆಯಾದವರಿಗೆ ಮಾತ್ರ ಇರಲಿಲ್ಲ. ಅವರು ಬಿಡುಗಡೆ ಬೇಕೆಂದರೆ ಒಬ್ಬರ ಮೇಲೊಬ್ಬರು ತಪ್ಪು ಹೊರಿಸಿ, ಸಾಕ್ಷಿ ಕರೆಸಿ, ಸಾಬೀತುಪಡಿಸಬೇಕಿತ್ತು. 1976ರ ತಿದ್ದುಪಡಿ ಒಪ್ಪಿಗೆಯ ವಿಚ್ಛೇದನದ 13ಬಿ ಕಲಮನ್ನು ಸೇರಿಸಿ ಆ ಬಲವಂತವನ್ನು ತಪ್ಪಿಸಿತು. ಆದರೆ ಶಾಸಕರಿಗೆ ಅಳುಕಿತ್ತು. ಹಾಗಾಗಿ ಎರಡು ಕಾಯುವಿಕೆಗಳನ್ನು ಇಟ್ಟರು. ಅರ್ಜಿ ಹಾಕುವ ಮೊದಲು ಕನಿಷ್ಠ ಒಂದು ವರ್ಷ ಗಂಡ ಹೆಂಡತಿ ಬೇರೆಬೇರೆಯಾಗಿ ಇದ್ದಿರಬೇಕು. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಳೆದು, ಹದಿನೆಂಟು ತಿಂಗಳೊಳಗೆ, ಇಬ್ಬರೂ ಮತ್ತೆ ಬಂದು ನಮ್ಮ ತೀರ್ಮಾನ ಬದಲಾಗಿಲ್ಲ ಎಂದು ಹೇಳಬೇಕು. ಇವೆರಡರ ಜೊತೆಗೆ 14ನೇ ಕಲಂ ಬೇರೆ ಇದೆ: ಮದುವೆಯಾಗಿ ವರ್ಷ ತುಂಬುವ ತನಕ ಯಾವ ಬಗೆಯ ವಿಚ್ಛೇದನದ ಅರ್ಜಿಯನ್ನೂ ಹಾಕುವಂತಿಲ್ಲ. ಅಸಾಧಾರಣ ಕಷ್ಟ ಅಥವಾ ಅಸಾಧಾರಣ ನೀಚತನವನ್ನು ತೋರಿಸಿದರೆ ಮಾತ್ರ ಇದಕ್ಕೆ ರಿಯಾಯಿತಿ. 1976ಕ್ಕೆ ಮುಂಚೆ ಈ ಅವಧಿ ಮೂರು ವರ್ಷವಿತ್ತು.

ಇಲ್ಲೊಂದು ವಿಚಿತ್ರವಿದೆ. ಕ್ರೌರ್ಯದ ಆರೋಪ ಹೊರಿಸಿ ಜಗಳಕ್ಕೆ ನಿಲ್ಲುವವರಿಗೆ ಈ ಆರು ತಿಂಗಳ ಷರತ್ತಿಲ್ಲ. ಅವರ ಮೊಕದ್ದಮೆ ವರ್ಷಗಟ್ಟಲೆ ಎಳೆಯುವುದು ನ್ಯಾಯಾಲಯದ ಕೆಲಸದ ಹೊರೆಯಿಂದ, ಕಾಯ್ದೆಯ ಅಪ್ಪಣೆಯಿಂದಲ್ಲ. ಮರ್ಯಾದೆಯಿಂದ ಮಾತಾಡಿಕೊಂಡು ಬಂದವರಿಗೇ ಕಾಯ್ದೆ ಹೋಗಿ ಯೋಚಿಸಿ ಬನ್ನಿ ಎನ್ನುತ್ತದೆ.

ಯೋಚಿಸುವುದಾದರೂ ಏನನ್ನು? ಸುಪ್ರೀಂ ಕೋರ್ಟ್ 1991ರ ಸುರೇಷ್ಟಾ ದೇವಿ ಪ್ರಕರಣದಲ್ಲಿ ಈ ಅವಧಿಯ ಉದ್ದೇಶವನ್ನು ವಿವರಿಸಿದೆ: ದಂಪತಿ ತಮ್ಮ ನಿರ್ಧಾರವನ್ನು ಮತ್ತೊಮ್ಮೆ ತೂಗಿ ನೋಡಲಿ, ಬಂಧುಗಳ, ಸ್ನೇಹಿತರ ಸಲಹೆ ಪಡೆಯಲಿ, ಇಬ್ಬರಲ್ಲಿ ಒಬ್ಬರಿಗೆ ಮನಸ್ಸು ಬದಲಾಗಲೂಬಹುದು ಎಂಬುದು. ಅದೇ ತೀರ್ಪಿನಲ್ಲಿ ಇನ್ನೊಂದು ಮಹತ್ವದ ಮಾತಿದೆ. ಒಪ್ಪಿಗೆ ಎಂಬುದು ಅರ್ಜಿಗೆ ಸಹಿ ಹಾಕಿದ ದಿನಕ್ಕೆ ಮುಗಿಯುವುದಿಲ್ಲ, ತೀರ್ಪಿನ ದಿನದವರೆಗೂ ಉಳಿದಿರಬೇಕು. ಅಲ್ಲಿಯವರೆಗೆ ಯಾರು ಬೇಕಾದರೂ ಒಬ್ಬರೇ ಅದನ್ನು ಹಿಂತೆಗೆದುಕೊಳ್ಳಬಹುದು.

ಮೊದಲ ಉದ್ದೇಶ, ಅಂದರೆ ಮನಸ್ಸು ತಿಳಿಯಾಗಿ ಮತ್ತೆ ಒಂದಾಗುವುದು, ನನಗೆ ಬಹುಮಟ್ಟಿಗೆ ಕಾಗದದ ಮೇಲಿನ ಆಸೆಯಾಗಿಯೇ ಕಾಣುತ್ತದೆ. 13ಬಿ ಅಡಿಯಲ್ಲಿ ಬರುವವರು ಸಂಜೆ ಜಗಳವಾಡಿ ಬೆಳಿಗ್ಗೆ ವಕೀಲರ ಕಚೇರಿಗೆ ಓಡಿ ಬಂದವರಲ್ಲ. ಒಂದು ವರ್ಷ ಬೇರೆ ಇದ್ದವರು. ಆ ವರ್ಷದಲ್ಲಿ ಹಿರಿಯರ ಪಂಚಾಯಿತಿ ಆಗಿರುತ್ತದೆ, ಸೋದರಮಾವ ಎರಡೂ ಮನೆಗೆ ಅಲೆದಿರುತ್ತಾನೆ, ತವರಿನಲ್ಲಿ ಅತ್ತು ಮುಗಿದಿರುತ್ತದೆ. ಆಮೇಲೆ ಚಿನ್ನ, ಬೆಳ್ಳಿ, ಪಾತ್ರೆಗಳ ಪಟ್ಟಿಯ ಮೇಲೆ ಚೌಕಾಸಿ ನಡೆದು ಒಪ್ಪಂದ ಪತ್ರ ಸಿದ್ಧವಾಗಿರುತ್ತದೆ. ಇಷ್ಟೆಲ್ಲ ದಾಟಿ ಬಂದವರ ಮನಸ್ಸನ್ನು ಕ್ಯಾಲೆಂಡರಿನ ಇನ್ನಾರು ಹಾಳೆಗಳು ತಿರುಗಿಸುತ್ತವೆ ಎಂದು ನಂಬುವುದು ಕಷ್ಟ.

ಎರಡನೆಯ ಉದ್ದೇಶಕ್ಕೆ ಮಾತ್ರ ನಿಜವಾದ ತೂಕವಿದೆ. ಒಪ್ಪಿಗೆ ಕೊಟ್ಟವಳು ಅಥವಾ ಕೊಟ್ಟವನು ನಿಜಕ್ಕೂ ಒಪ್ಪಿದ್ದೇ? ಸಂಪಾದನೆಯಿಲ್ಲದೆ, ಮಗುವನ್ನು ಕಟ್ಟಿಕೊಂಡು ತವರಿನಲ್ಲಿ ಅಣ್ಣನ ಹಂಗಿನಲ್ಲಿರುವ ಹೆಂಗಸು ಸಿಕ್ಕಷ್ಟು ಹಣಕ್ಕೆ ಸಹಿ ಹಾಕುವುದು ಅಪರೂಪವೇನಲ್ಲ. ಸಹಿಗೂ ತೀರ್ಪಿಗೂ ನಡುವೆ ಒಂದಿಷ್ಟು ಕಾಲವಿದ್ದರೆ ಆಕೆ ಬೇರೊಬ್ಬ ವಕೀಲರನ್ನು ಕೇಳಬಹುದು, ಮೊತ್ತ ಕಡಿಮೆಯಾಯಿತು ಎಂದು ಅರಿಯಬಹುದು, ಬೇಡ ಎನ್ನಬಹುದು. ಆರು ತಿಂಗಳ ಕಾಯುವಿಕೆಯನ್ನು ಸಮರ್ಥಿಸಿಕೊಳ್ಳಲು ಇರುವ ಗಟ್ಟಿ ಕಾರಣ ಇದೊಂದೇ. ಮದುವೆಯನ್ನು ಉಳಿಸುವ ಹೆಸರಿನಲ್ಲಿ ಬಂದ ನಿಯಮ ನಿಜವಾಗಿ ಮಾಡಬಲ್ಲದ್ದು ದುರ್ಬಲರ ಒಪ್ಪಿಗೆಯನ್ನು ಕಾಯುವ ಕೆಲಸವನ್ನು.

ಆ ಕೆಲಸವನ್ನಾದರೂ ಅದು ಮಾಡುತ್ತಿದೆಯೇ?

ಆರು ತಿಂಗಳಲ್ಲಿ ನಡೆಯುವುದೇನು

ಒಂದು ಸಾಮಾನ್ಯ ಒಪ್ಪಂದ ಪತ್ರವನ್ನು ತೆಗೆದುಕೊಳ್ಳಿ. ಶಾಶ್ವತ ಜೀವನಾಂಶದ ಮೊತ್ತದಲ್ಲಿ ಅರ್ಧ ಅರ್ಜಿಯ ದಿನ, ಇನ್ನರ್ಧ ಅಂತಿಮ ಹೇಳಿಕೆಯ ದಿನ ಡಿ.ಡಿ. ಮೂಲಕ. ಮಗು ತಾಯಿಯ ಬಳಿ, ತಿಂಗಳಿಗೆ ಎರಡು ಭಾನುವಾರ ತಂದೆಯ ಬಳಿ. ಹೆಂಡತಿ ಹೂಡಿದ ಜೀವನಾಂಶದ ಮೊಕದ್ದಮೆ ವಾಪಸ್, ಕೌಟುಂಬಿಕ ಹಿಂಸೆ ಕಾಯ್ದೆಯ ಅರ್ಜಿ ವಾಪಸ್. ಹೆಂಡತಿಗೆ ಕಿರುಕುಳ ಕೊಟ್ಟ ಆರೋಪದ, ಹಳೆಯ 498ಎ ಅಥವಾ ಈಗಿನ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಿನ ಪ್ರಕರಣವಿದ್ದರೆ ಅದರ ರದ್ದತಿಗೆ ಹೈಕೋರ್ಟಿನಲ್ಲಿ ಸಹಕಾರ. ಇವೆಲ್ಲ ಒಂದಕ್ಕೊಂದು ಕೊಂಡಿ ಹಾಕಿಕೊಂಡ ಷರತ್ತುಗಳು. ಒಂದು ಈಡೇರದಿದ್ದರೆ ಮತ್ತೊಂದು ನಿಲ್ಲುತ್ತದೆ.

ಈ ಕೊಂಡಿಗಳ ನಡುವೆ ಆರು ತಿಂಗಳ ಬಿಡುವು ಸಿಕ್ಕಿದಾಗ ಅದು ಚಿಂತನೆಯ ಕಾಲಕ್ಕಿಂತ ಹೆಚ್ಚಾಗಿ ಹಗ್ಗಜಗ್ಗಾಟದ ಕಾಲವಾಗುತ್ತದೆ. ಅರ್ಧ ಹಣ ಕೈಸೇರಿದ ಮೇಲೆ ಮೊತ್ತ ಸಾಲದು ಎಂಬ ತಗಾದೆ ಬರಬಹುದು. ಅಥವಾ ಕ್ರಿಮಿನಲ್ ಪ್ರಕರಣ ರದ್ದಾದ ಮೇಲೆ ಗಂಡ ಎರಡನೆಯ ಕಂತು ಕೊಡದೆ ನಾಪತ್ತೆಯಾಗಬಹುದು. ಇಬ್ಬರಲ್ಲಿ ಯಾರಿಗೆ ಬೇಗ ಮರುಮದುವೆಯಾಗಬೇಕಿದೆಯೋ ಅವರು ಸೋಲುತ್ತಾರೆ. ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ 2018ರಲ್ಲಿ ಇಂಥದ್ದೇ ಪ್ರಶ್ನೆಯನ್ನು ಬಿಡಿಸಬೇಕಾಯಿತು. ನ್ಯಾಯಾಲಯಕ್ಕೆ ಮುಚ್ಚಳಿಕೆ ಬರೆದುಕೊಟ್ಟು ಬೇಕೆಂದೇ ಮುರಿದರೆ ಅದು ನ್ಯಾಯಾಂಗ ನಿಂದನೆಯಾಗಬಹುದು, ಆದರೆ ಒಪ್ಪಿಗೆ ಕೊಡಲೇಬೇಕೆಂದು ಯಾರನ್ನೂ ಬಲವಂತ ಮಾಡಲಾಗದು ಎಂದು ಅದು ಹೇಳಿತು. ತರ್ಕ ಸರಿಯಾಗಿದೆ. ಆದರೆ ನಿಂದನೆ ಅರ್ಜಿಯ ಹಿಂದೆ ಬಿದ್ದವರಿಗೆ ಅದು ಇನ್ನೊಂದು ಮೊಕದ್ದಮೆ, ಇನ್ನಷ್ಟು ತಾರೀಖುಗಳು.

ವಿನಾಯಿತಿಯ ದಾರಿ

ಬಹಳ ಕಾಲ ಈ ಆರು ತಿಂಗಳನ್ನು ಮನ್ನಾ ಮಾಡುವ ಅಧಿಕಾರ ಸುಪ್ರೀಂ ಕೋರ್ಟಿಗೆ ಮಾತ್ರ ಇದೆ, ಅದೂ ಪೂರ್ಣ ನ್ಯಾಯಕ್ಕಾಗಿ ವಿಶೇಷ ಆದೇಶ ಕೊಡಲು ಬಿಡುವ ಸಂವಿಧಾನದ 142ನೇ ವಿಧಿಯ ಬಲದಿಂದ ಎಂಬ ನಿಲುವಿತ್ತು. 2009ರ ತೀರ್ಪೊಂದು ಅದನ್ನು ಸ್ಪಷ್ಟವಾಗಿ ಹೇಳಿತ್ತು. ಹಾಸನದ ದಂಪತಿ ಆರು ತಿಂಗಳು ಉಳಿಸಿಕೊಳ್ಳಲು ದೆಹಲಿಗೆ ಹೋಗಬೇಕು ಎಂದಾದರೆ ಅದು ವಿನಾಯಿತಿಯೇ ಅಲ್ಲ.

2017ರ ಸೆಪ್ಟೆಂಬರ್ 12ರಂದು ನ್ಯಾಯಮೂರ್ತಿಗಳಾದ ಎ.ಕೆ. ಗೋಯಲ್ ಮತ್ತು ಯು.ಯು. ಲಲಿತ್ ಅವರ ಪೀಠ ಅಮರ್‌ದೀಪ್ ಸಿಂಗ್ ಪ್ರಕರಣದಲ್ಲಿ ಇದನ್ನು ಬದಲಿಸಿತು. ಆರು ತಿಂಗಳ ನಿಯಮ ಕಡ್ಡಾಯವಲ್ಲ, ಮಾರ್ಗದರ್ಶಿ ಮಾತ್ರ. ಕೌಟುಂಬಿಕ ನ್ಯಾಯಾಲಯವೇ ಅದನ್ನು ಮನ್ನಾ ಮಾಡಬಹುದು. ಅದಕ್ಕೆ ಪೀಠ ಷರತ್ತುಗಳನ್ನೂ ಹಾಕಿತು. ಅರ್ಜಿಗೆ ಮೊದಲೇ ಒಂದು ವರ್ಷ ಮತ್ತು ಆರು ತಿಂಗಳು ಬೇರೆ ಇದ್ದಿರಬೇಕು. ಸಂಧಾನದ ಯತ್ನಗಳೆಲ್ಲ ವಿಫಲವಾಗಿರಬೇಕು. ಜೀವನಾಂಶ, ಮಕ್ಕಳ ಪಾಲನೆ ಮೊದಲಾದವೆಲ್ಲ ನಿಜಕ್ಕೂ ಇತ್ಯರ್ಥವಾಗಿರಬೇಕು. ಇನ್ನು ಕಾಯುವುದರಿಂದ ಸಂಕಟ ಹೆಚ್ಚುವುದಷ್ಟೇ ಎಂದು ನ್ಯಾಯಾಲಯಕ್ಕೆ ಮನವರಿಕೆಯಾಗಬೇಕು. ಅರ್ಜಿಯ ಜೊತೆಗಿನ ಮೊದಲ ಹೇಳಿಕೆಯಾದ ಒಂದು ವಾರಕ್ಕೇ ವಿನಾಯಿತಿ ಕೋರಬಹುದು. ವಿದೇಶದಲ್ಲಿರುವವರಿಗೆ ಅನುಕೂಲವಾದ ಮಾತೂ ಅದರಲ್ಲಿತ್ತು: ಬರಲಾಗದವರು ವಿಡಿಯೊ ಮೂಲಕ ಹಾಜರಾಗಬಹುದು, ಸೂಕ್ತ ಕಾರಣವಿದ್ದರೆ ತಂದೆ ತಾಯಿ ಅಥವಾ ಒಡಹುಟ್ಟಿದವರು ಪ್ರತಿನಿಧಿಸಬಹುದು. 2021ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಈ ಷರತ್ತುಗಳ ಪಟ್ಟಿಯೇ ಅಂತಿಮವಲ್ಲ ಎಂದು ಮತ್ತಷ್ಟು ಸಡಿಲಿಸಿತು. 2023ರ ಮೇ 1ರಂದು ಐವರ ಸಂವಿಧಾನ ಪೀಠ, ಮದುವೆ ಸರಿಪಡಿಸಲಾಗದಷ್ಟು ಮುರಿದುಬಿದ್ದಿದ್ದರೆ ತಾನೇ 142ನೇ ವಿಧಿಯಡಿ ನೇರವಾಗಿ ವಿಚ್ಛೇದನ ಕೊಡಬಹುದು ಎಂದಿತು. ಇದು ಸುಪ್ರೀಂ ಕೋರ್ಟಿಗೆ ಮಾತ್ರ ಇರುವ ಅಧಿಕಾರ. ಕೌಟುಂಬಿಕ ನ್ಯಾಯಾಲಯದ ಮೆಟ್ಟಿಲೇರುವವರಿಗೆ ಇವತ್ತಿಗೂ 2017ರ ತೀರ್ಪೇ ದಿಕ್ಕು.

ಅದು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಎಡವುತ್ತದೆ ಎಂಬುದಕ್ಕೆ ಕ್ರಿಕೆಟಿಗ ಯಜುವೇಂದ್ರ ಚಾಹಲ್ ಮತ್ತು ಧನಶ್ರೀ ವರ್ಮಾ ಅವರ ಪ್ರಕರಣಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ. ಹಲವು ವರ್ಷ ಆರ್‌ಸಿಬಿಯಲ್ಲಿ ಆಡಿದ ಚಾಹಲ್ ನಮ್ಮವರಿಗೆ ಹೊಸಬರಲ್ಲ. 2020ರ ಡಿಸೆಂಬರ್‌ನಲ್ಲಿ ಮದುವೆ, 2022ರ ಜೂನ್‌ನಿಂದ ಪ್ರತ್ಯೇಕ ವಾಸ, 2025ರ ಫೆಬ್ರವರಿ 5ರಂದು ಮುಂಬೈನ ಬಾಂದ್ರಾ ಕೌಟುಂಬಿಕ ನ್ಯಾಯಾಲಯದಲ್ಲಿ ಜಂಟಿ ಅರ್ಜಿ. ಎರಡೂವರೆ ವರ್ಷಕ್ಕೂ ಹೆಚ್ಚು ಬೇರೆ ಇದ್ದವರು. ಆದರೂ ಫೆಬ್ರವರಿ 20ರಂದು ಕೌಟುಂಬಿಕ ನ್ಯಾಯಾಲಯ ವಿನಾಯಿತಿ ನಿರಾಕರಿಸಿತು. ಕಾರಣ: ಒಪ್ಪಿಕೊಂಡ 4.75 ಕೋಟಿ ರೂಪಾಯಿಯಲ್ಲಿ 2.37 ಕೋಟಿ ಮಾತ್ರ ಪಾವತಿಯಾಗಿದೆ, ಹಾಗಾಗಿ ಒಪ್ಪಂದ ಪೂರ್ತಿ ಈಡೇರಿಲ್ಲ. ಇಬ್ಬರೂ ಸೇರಿ ಬಾಂಬೆ ಹೈಕೋರ್ಟಿಗೆ ಹೋದರು. ನ್ಯಾಯಮೂರ್ತಿ ಮಾಧವ ಜಾಮ್ದಾರ್ ಒಪ್ಪಂದ ಪತ್ರವನ್ನೇ ಓದಿದರು. ಎರಡನೆಯ ಕಂತನ್ನು ವಿಚ್ಛೇದನದ ತೀರ್ಪು ಬಂದ ಮೇಲೆ ಕೊಡಬೇಕು ಎಂದು ಅದರಲ್ಲೇ ಬರೆದಿತ್ತು. ಅಂದ ಮೇಲೆ ತೀರ್ಪಿಗೆ ಮೊದಲು ಕೊಟ್ಟಿಲ್ಲ ಎಂಬುದು ಒಪ್ಪಂದದ ಉಲ್ಲಂಘನೆ ಹೇಗಾದೀತು? ಮಾರ್ಚ್ 19ರಂದು ಹೈಕೋರ್ಟ್ ಆರು ತಿಂಗಳನ್ನು ಮನ್ನಾ ಮಾಡಿ, ಐಪಿಎಲ್ ಶುರುವಾಗುತ್ತಿರುವುದರಿಂದ ಮರುದಿನವೇ ಅರ್ಜಿಯನ್ನು ತೀರ್ಮಾನಿಸಿ ಎಂದು ಕೆಳ ನ್ಯಾಯಾಲಯಕ್ಕೆ ಸೂಚಿಸಿತು. ಮಾರ್ಚ್ 20ರಂದು ವಿಚ್ಛೇದನವಾಯಿತು.

ಹೈಕೋರ್ಟಿನ ಆದೇಶ ಸರಿಯಾಗಿಯೇ ಇದೆ. ನನ್ನ ತಕರಾರು ಅದರ ಹಿಂದಿನ ಆದೇಶದಲ್ಲಿ ಕಾಣುವ ರೂಢಿಯ ಬಗ್ಗೆ. ‘ಎಲ್ಲವೂ ಇತ್ಯರ್ಥವಾಗಿರಬೇಕು’ ಎಂಬ ಷರತ್ತನ್ನು ‘ಪೂರ್ತಿ ಹಣ ಸಂದಾಯವಾಗಿರಬೇಕು’ ಎಂದು ಓದಿದರೆ ವಿನಾಯಿತಿ ಸಿಗುವುದು ಯಾರಿಗೆ? ಇಡೀ ಮೊತ್ತವನ್ನು ಒಂದೇ ಸಲ ಎಣಿಸಿಕೊಡಬಲ್ಲವರಿಗೆ. ತಿಂಗಳ ಸಂಬಳದಲ್ಲಿ ಕಂತು ಕಟ್ಟುವ ಬಿಎಂಟಿಸಿ ಕಂಡಕ್ಟರಿಗೆ, ಹಾಲಿನ ಡೇರಿಯ ಹಣ ಬಂದಾಗ ಕೊಡುತ್ತೇನೆನ್ನುವ ಮಂಡ್ಯದ ರೈತನಿಗೆ ಅದು ದಕ್ಕುವುದಿಲ್ಲ. ಕೆಳ ನ್ಯಾಯಾಲಯ ನಿರಾಕರಿಸಿದರೆ ಅವರು ಹೈಕೋರ್ಟಿಗೆ ಹೋಗುವುದೂ ಇಲ್ಲ. ವಕೀಲರ ಶುಲ್ಕದ ಲೆಕ್ಕ ಹಾಕಿ ಆರು ತಿಂಗಳು ಕಾಯುವುದೇ ಅಗ್ಗ ಎನ್ನುತ್ತಾರೆ.

ಕಾಯ್ದೆಯ ಮೂಲೆಯಲ್ಲಿ ಇನ್ನೊಂದು ಉಪಕಲಂ ಇದೆ, ಅದರ ಹೆಸರು ಕೇಳಿಬರುವುದೇ ಕಡಿಮೆ. 23(1)(ಬಿಬಿ). ಅದೂ 1976ರಲ್ಲೇ ಬಂದದ್ದು. ಪರಸ್ಪರ ಒಪ್ಪಿಗೆಯ ಅರ್ಜಿಯಲ್ಲಿ ಆ ಒಪ್ಪಿಗೆಯನ್ನು ಬಲವಂತದಿಂದ, ಮೋಸದಿಂದ ಅಥವಾ ಅನುಚಿತ ಪ್ರಭಾವದಿಂದ ಪಡೆದಿಲ್ಲ ಎಂದು ನ್ಯಾಯಾಲಯಕ್ಕೆ ಖಚಿತವಾಗಬೇಕು ಎನ್ನುತ್ತದೆ. ದುರ್ಬಲರ ಒಪ್ಪಿಗೆಯನ್ನು ಕಾಯಲು ಕಾಯ್ದೆ ಕೊಟ್ಟಿರುವ ನೇರ ಆಯುಧ ಇದು. ಆದರೆ ತುಂಬಿ ತುಳುಕುವ ಕಲಾಪ ಪಟ್ಟಿಯ ನಡುವೆ ಈ ವಿಚಾರಣೆ ‘ನಿಮ್ಮ ಸ್ವಇಚ್ಛೆಯಿಂದ ಬಂದಿದ್ದೀರಾ?’, ‘ಹೌದು’ ಎಂಬಲ್ಲಿಗೆ ಸುಲಭವಾಗಿ ಇಳಿದುಬಿಡುತ್ತದೆ. ಗಂಡ, ಅತ್ತೆ, ಇಬ್ಬರು ವಕೀಲರು ಪಕ್ಕದಲ್ಲೇ ನಿಂತಿರುವಾಗ ಯಾರು ಇಲ್ಲ ಎಂದಾರು? ಆಕೆಯನ್ನು ಒಬ್ಬಳನ್ನೇ ಕೊಠಡಿಗೆ ಕರೆಸಿ, ಈ ಮೊತ್ತ ಹೇಗೆ ನಿಗದಿಯಾಯಿತು, ಗಂಡನ ಆದಾಯ ನಿಮಗೆ ಗೊತ್ತೇ, ನಾಳೆಯಿಂದ ಎಲ್ಲಿ ಇರುತ್ತೀರಿ ಎಂದು ಹತ್ತು ನಿಮಿಷ ಕೇಳಿದರೆ ತಿಳಿಯುವುದನ್ನು ಆರು ತಿಂಗಳ ಮೌನ ತಿಳಿಸುವುದಿಲ್ಲ. ಮಾಡಬೇಕಾದ ವಿಚಾರಣೆಯ ಜಾಗದಲ್ಲಿ ನಾವು ಕ್ಯಾಲೆಂಡರನ್ನು ತೂಗುಹಾಕಿದ್ದೇವೆ.

ಆ ಒಂದು ವರ್ಷ

ಆರು ತಿಂಗಳ ಗದ್ದಲದಲ್ಲಿ ಮೊದಲಿನ ಒಂದು ವರ್ಷದ ಕಡೆ ಗಮನ ಹೋಗುವುದಿಲ್ಲ. ಪ್ರತ್ಯೇಕ ವಾಸವೆಂದರೆ ಬೇರೆ ಮನೆಯೇ ಆಗಬೇಕಿಲ್ಲ. ಒಂದೇ ಸೂರಿನಡಿ ಇದ್ದೂ ಗಂಡ ಹೆಂಡತಿಯಾಗಿ ಬಾಳದಿದ್ದರೆ ಅದೂ ಪ್ರತ್ಯೇಕವೇ ಎಂದು 1991ರ ತೀರ್ಪೇ ಹೇಳಿದೆ. ಬೆಂಗಳೂರಿನ ಬಾಡಿಗೆ ನೋಡಿದವರಿಗೆ ಇದು ಎಷ್ಟು ವಾಸ್ತವದ ಮಾತು ಎಂದು ಗೊತ್ತು. ಆದರೆ ಇದರಿಂದ ಇನ್ನೊಂದು ಸಮಸ್ಯೆ ಹುಟ್ಟುತ್ತದೆ. ಇಬ್ಬರೂ ಸೇರಿ ಇಂಥ ದಿನದಿಂದ ಬೇರೆ ಇದ್ದೇವೆ ಎಂದು ಅರ್ಜಿಯಲ್ಲಿ ಬರೆದರೆ ಅದನ್ನು ಅಲ್ಲಗಳೆಯುವವರು ಯಾರೂ ಇರುವುದಿಲ್ಲ. ಅವಸರವಿದ್ದವರು ತಾರೀಖನ್ನು ಹಿಂದಕ್ಕೆ ತಳ್ಳಬಹುದು. ಪ್ರಾಮಾಣಿಕವಾಗಿ ನಿಜ ಬರೆದವರು ಕಾಯುತ್ತಾರೆ. ದೆಹಲಿ ಹೈಕೋರ್ಟಿನ ಪೂರ್ಣ ಪೀಠ 2025ರ ಡಿಸೆಂಬರ್‌ನಲ್ಲಿ, ಸೂಕ್ತ ಪ್ರಕರಣಗಳಲ್ಲಿ ಈ ಒಂದು ವರ್ಷವನ್ನೂ ಮನ್ನಾ ಮಾಡಬಹುದು ಎಂದಿದೆ. ಅದು ಕರ್ನಾಟಕದ ನ್ಯಾಯಾಲಯಗಳಿಗೆ ಕಟ್ಟುಪಾಡಲ್ಲ, ಆದರೆ ಇಲ್ಲಿನ ವಕೀಲರು ಅದನ್ನು ಎತ್ತಿ ಹಿಡಿಯದೆ ಬಿಡುವುದಿಲ್ಲ.

ಕ್ರೈಸ್ತರ ಪಾಡು ಇನ್ನೂ ವಿಚಿತ್ರ. 1869ರ ವಿಚ್ಛೇದನ ಕಾಯ್ದೆಗೆ ಒಪ್ಪಿಗೆಯ ವಿಚ್ಛೇದನ ಸೇರಿದ್ದೇ 2001ರ ತಿದ್ದುಪಡಿಯಲ್ಲಿ, ಅದೂ ಎರಡು ವರ್ಷದ ಪ್ರತ್ಯೇಕ ವಾಸದ ಷರತ್ತಿನೊಂದಿಗೆ. ಹಿಂದೂಗಳಿಗೆ ಒಂದು, ಕ್ರೈಸ್ತರಿಗೆ ಎರಡು ಏಕೆ ಎಂಬುದಕ್ಕೆ ಒಪ್ಪುವಂಥ ಉತ್ತರ ಯಾರ ಬಳಿಯೂ ಇರಲಿಲ್ಲ. ಕೇರಳ ಹೈಕೋರ್ಟ್ 2010ರಲ್ಲಿ ಅದನ್ನು ಒಂದು ವರ್ಷ ಎಂದು ಓದಿಕೊಳ್ಳಬೇಕೆಂದಿತು, ಕರ್ನಾಟಕ ಹೈಕೋರ್ಟ್ 2014ರಲ್ಲಿ ಅದೇ ದಾರಿ ಹಿಡಿಯಿತು. 2022ರ ಡಿಸೆಂಬರ್‌ನಲ್ಲಿ ಕೇರಳ ಇನ್ನೂ ಮುಂದೆ ಹೋಗಿ ಆ ಒಂದು ವರ್ಷವನ್ನೂ ಸಂವಿಧಾನಬಾಹಿರ ಎಂದು ತಳ್ಳಿಹಾಕಿತು. ಆ ವರ್ಷದ ಆರಂಭದಲ್ಲಿ ಮದುವೆಯಾಗಿ ಕೆಲವೇ ತಿಂಗಳಲ್ಲಿ ಬೇರೆಯಾಗಲು ಬಂದ ಜೋಡಿಯ ಅರ್ಜಿಗೆ ಕೌಟುಂಬಿಕ ನ್ಯಾಯಾಲಯ ಸಂಖ್ಯೆ ಕೊಟ್ಟು ದಾಖಲಿಸಿಕೊಳ್ಳಲೂ ಒಪ್ಪಿರಲಿಲ್ಲ. ಪರಿಣಾಮ ನೋಡಿ: ಮಂಗಳೂರಿನ ಕ್ರೈಸ್ತ ದಂಪತಿಗೆ ಒಂದು ವರ್ಷದ ಷರತ್ತು; ತಲಪಾಡಿ ದಾಟಿ ಕಾಸರಗೋಡಿಗೆ ಹೋದರೆ ಅದಿಲ್ಲ. ಮುಸ್ಲಿಂ ವೈಯಕ್ತಿಕ ಕಾನೂನಿನ ಇದ್ದತ್‌ನ, ಅಂದರೆ ವಿಚ್ಛೇದನವಾದ ಹೆಂಗಸು ಮರುಮದುವೆಗೆ ಮುಂಚೆ ಕಾಯುವ ಅವಧಿಯ, ಲೆಕ್ಕ ಬೇರೆಯೇ, ಅದನ್ನು ಇದರೊಡನೆ ಬೆರೆಸುವುದು ಬೇಡ.

ಹೊರಗಿನವರು ಏನು ಮಾಡಿದ್ದಾರೆ

ಕಾಯಿಸುವುದು ನಮ್ಮವರಿಗೆ ಮಾತ್ರ ಹೊಳೆದ ಉಪಾಯವಲ್ಲ. ಕ್ಯಾಲಿಫೋರ್ನಿಯಾದಲ್ಲಿ ಎದುರು ಪಕ್ಷಕ್ಕೆ ನೋಟಿಸ್ ಮುಟ್ಟಿದ ದಿನದಿಂದ ಆರು ತಿಂಗಳು ಕಳೆಯದೆ ಮದುವೆ ಮುಗಿಯುವುದಿಲ್ಲ; ಸಿಲಿಕಾನ್ ಕಣಿವೆಯಲ್ಲಿರುವ ಕನ್ನಡಿಗರಿಗೆ ಇದು ತಿಳಿದದ್ದೇ. ಅಲ್ಲಿನ ತೀರ್ಪು ಇಲ್ಲಿ ಊರ್ಜಿತವಾಗುತ್ತದೆಯೇ ಎಂಬುದು ಬೇರೆ ತೊಡಕು. ಸುಪ್ರೀಂ ಕೋರ್ಟಿನ 1991ರ ಇನ್ನೊಂದು ತೀರ್ಪಿನ ಪ್ರಕಾರ, ಇಬ್ಬರೂ ಮನಸಾರೆ ಆ ನ್ಯಾಯಾಲಯದ ಅಧಿಕಾರಕ್ಕೆ ಒಪ್ಪಿರದಿದ್ದರೆ ಅದಕ್ಕೆ ಇಲ್ಲಿ ಬೆಲೆ ಸಿಗುವುದು ಕಷ್ಟ. ಹಾಗಾಗಿ ಅಲ್ಲೂ ಕಾದು ಇಲ್ಲೂ ಕಾಯುವವರಿದ್ದಾರೆ. ಇಂಗ್ಲೆಂಡ್ 2022ರ ಏಪ್ರಿಲ್‌ನಿಂದ ತಪ್ಪು ಹೊರಿಸುವ ಪದ್ಧತಿಯನ್ನೇ ಕೈಬಿಟ್ಟಿತು, ಅದಕ್ಕೆ ಬದಲಾಗಿ 20 ವಾರ ಮತ್ತು ಆಮೇಲೆ 6 ವಾರದ ಕಾಯುವಿಕೆಯನ್ನು ಇಟ್ಟಿತು. ಅಲ್ಲಿ ಒಬ್ಬರೇ ಕೇಳಿದರೂ ವಿಚ್ಛೇದನ ಸಿಗುವುದರಿಂದ ಇನ್ನೊಬ್ಬರಿಗೆ ಸಿದ್ಧವಾಗಲು ಸಮಯ ಬೇಕು ಎಂಬ ವಾದಕ್ಕೆ ಅರ್ಥವಿದೆ.

ಚೀನಾದ ಅನುಭವ ಇನ್ನೊಂದು ಬಗೆಯದು. ಅಲ್ಲಿ 2021ರ ಜನವರಿ 1ರಿಂದ, ನೋಂದಣಿ ಕಚೇರಿಯಲ್ಲಿ ಒಪ್ಪಿ ಬೇರೆಯಾಗುವವರು 30 ದಿನ ಕಾಯಬೇಕು. ಆಮೇಲಿನ 30 ದಿನದೊಳಗೆ ಇಬ್ಬರೂ ಜೊತೆಯಾಗಿ ಬರದಿದ್ದರೆ ಅರ್ಜಿ ಬಿದ್ದುಹೋಗುತ್ತದೆ. ಕಚೇರಿಯಲ್ಲಿ ನೋಂದಾಯಿತವಾದ ವಿಚ್ಛೇದನಗಳು 2020ರಲ್ಲಿ ಸುಮಾರು 37 ಲಕ್ಷವಿದ್ದದ್ದು 2021ರಲ್ಲಿ 21 ಲಕ್ಷಕ್ಕೆ ಇಳಿದವು. ಮೇಲ್ನೋಟಕ್ಕೆ ಸಂಸಾರಗಳು ಉಳಿದಂತೆ ಕಾಣುತ್ತದೆ. ಆದರೆ ಅದೇ ವರ್ಷ ನ್ಯಾಯಾಲಯದ ಮೂಲಕ ಆದ ವಿಚ್ಛೇದನಗಳು ಏರಿದವು, ನಿಯಮ ಬರುವ ಮುಂಚೆಯೇ ಮುಗಿಸಿಕೊಂಡವರೂ ಇದ್ದರು, 2023ರ ಹೊತ್ತಿಗೆ ನೋಂದಣಿ ಮತ್ತೆ 26 ಲಕ್ಷದ ಹತ್ತಿರಕ್ಕೆ ಬಂತು. ಕಡಿಮೆಯಾದ ಸಂಖ್ಯೆಯಲ್ಲಿ ಮನಸ್ಸು ಬದಲಿಸಿದವರೂ ಇದ್ದಾರು, ಹೊರಬರಲಾಗದೆ ಉಳಿದವರೂ ಇದ್ದಾರು. ಲೆಕ್ಕದ ಪಟ್ಟಿ ಅವರಿಬ್ಬರನ್ನು ಬೇರೆ ಮಾಡಿ ತೋರಿಸುವುದಿಲ್ಲ. ಹೊಡೆತ ತಿನ್ನುವವಳಿಗೆ ಆ ಎರಡು ತಿಂಗಳು ಏನು ಎಂದು ಊಹಿಸಬಹುದು.

ನನಗೆ ಸರಿ ಕಾಣುವುದು ಡೆನ್ಮಾರ್ಕ್ ಮತ್ತು ದಕ್ಷಿಣ ಕೊರಿಯಾದ ವಿವೇಚನೆ. ಡೆನ್ಮಾರ್ಕ್ 2019ರಲ್ಲಿ ಮೂರು ತಿಂಗಳ ಅವಧಿಯನ್ನು ತಂದಾಗ ಅದನ್ನು ಅಪ್ರಾಪ್ತ ಮಕ್ಕಳಿರುವವರಿಗಾಗಿ ತಂದಿತು, ಜೊತೆಗೆ ಮಕ್ಕಳನ್ನು ಹೇಗೆ ನೋಡಿಕೊಳ್ಳಬೇಕೆಂಬ ತರಬೇತಿಯನ್ನೂ ಇಟ್ಟಿತು. ಕೊರಿಯಾದಲ್ಲಿ ಮಕ್ಕಳಿದ್ದರೆ ಮೂರು ತಿಂಗಳು, ಇಲ್ಲದಿದ್ದರೆ ಒಂದು ತಿಂಗಳು. ಮಗುವಿನ ಶಾಲೆ, ರಜೆ, ಆಸ್ಪತ್ರೆ ಖರ್ಚು ಎಲ್ಲ ತೀರ್ಮಾನವಾಗಲು ಸಮಯ ಬೇಕೇ ಬೇಕು. ನಮ್ಮ 13ಬಿಗೆ ಈ ಭೇದವೇ ತಿಳಿಯದು. ಮಕ್ಕಳಿಲ್ಲದೆ ಮೂರು ವರ್ಷ ಬೇರೆ ಇದ್ದ ಇಬ್ಬರು ಸಾಫ್ಟ್‌ವೇರ್ ನೌಕರರಿಗೂ ಎರಡು ಪುಟ್ಟ ಮಕ್ಕಳ ತಂದೆ ತಾಯಿಗೂ ಅದು ಒಂದೇ ಅಳತೆ ಹಿಡಿಯುತ್ತದೆ.

ಈ ಅಳತೆಗೆ ಬೇಸತ್ತವರು ನ್ಯಾಯಾಲಯದ ಹೊರಗಿನ ದಾರಿ ಹುಡುಕುತ್ತಾರೆ. ನೂರು ರೂಪಾಯಿ ಛಾಪಾ ಕಾಗದದ ಮೇಲೆ ಬಿಡುಗಡೆ ಪತ್ರ ಬರೆದು, ನೋಟರಿ ಮುದ್ರೆ ಒತ್ತಿಸಿ, ಮರುಮದುವೆಯಾಗುವುದು ಇವತ್ತಿಗೂ ನಿಂತಿಲ್ಲ. ಸಮುದಾಯದ ರೂಢಿಯಲ್ಲಿ ಬಂದ ವಿಚ್ಛೇದನವನ್ನು, ಉತ್ತರ ಕರ್ನಾಟಕದ ಸೋಡಚೀಟಿಯಂಥದ್ದನ್ನು, ಹಿಂದೂ ವಿವಾಹ ಕಾಯ್ದೆಯ 29(2)ನೇ ಕಲಂ ಉಳಿಸಿಕೊಂಡಿದೆ ನಿಜ. ಆದರೆ ಅಂಥ ರೂಢಿ ತಮ್ಮ ಸಮುದಾಯದಲ್ಲಿ ಬಹುಕಾಲದಿಂದ ನಡೆದುಬಂದಿದೆ ಎಂದು ಸಾಬೀತುಪಡಿಸುವ ಭಾರ ಅದನ್ನು ಹೇಳಿಕೊಳ್ಳುವವರ ಮೇಲೆಯೇ. ರೂಢಿ ಸಾಬೀತಾಗದಿದ್ದರೆ ಮೊದಲ ಮದುವೆ ಜೀವಂತ, ಎರಡನೆಯದು ಅನೂರ್ಜಿತ, ಆ ಎರಡನೆಯ ಹೆಂಡತಿಯ ಪಿಂಚಣಿಯೂ ಆಸ್ತಿಯ ಹಕ್ಕೂ ತೂಗುಯ್ಯಾಲೆ.

ಸಂಸತ್ತು ಇದನ್ನು ಒಮ್ಮೆ ಕೈಗೆತ್ತಿಕೊಂಡಿತ್ತು. 2010ರಲ್ಲಿ ಮಂಡನೆಯಾದ ವಿವಾಹ ಕಾನೂನು ತಿದ್ದುಪಡಿ ಮಸೂದೆ, ಆರು ತಿಂಗಳ ಕಾಯುವಿಕೆಯನ್ನು ತೆಗೆದುಹಾಕುವ ಪ್ರಸ್ತಾವವನ್ನೂ ಮದುವೆ ಸರಿಪಡಿಸಲಾಗದಷ್ಟು ಮುರಿದಿದೆ ಎಂಬುದನ್ನೇ ವಿಚ್ಛೇದನಕ್ಕೆ ಕಾರಣವಾಗಿಸುವ ಪ್ರಸ್ತಾವವನ್ನೂ ಹೊತ್ತಿತ್ತು. ಸ್ಥಾಯಿ ಸಮಿತಿಯ ಆಕ್ಷೇಪಗಳನ್ನು ದಾಟಿ, ಗಂಡನ ಆಸ್ತಿಯಲ್ಲಿ ಹೆಂಡತಿಗೆ ಪಾಲು ಎಂಬ ಅಂಶವನ್ನೂ ಸೇರಿಸಿಕೊಂಡು, 2013ರ ಆಗಸ್ಟ್‌ನಲ್ಲಿ ರಾಜ್ಯಸಭೆಯ ಒಪ್ಪಿಗೆ ಪಡೆಯಿತು. ಲೋಕಸಭೆ ಅದನ್ನು ಅಂಗೀಕರಿಸಲಿಲ್ಲ. 2014ರಲ್ಲಿ 15ನೇ ಲೋಕಸಭೆಯೊಂದಿಗೆ ಅದೂ ಬಿದ್ದುಹೋಯಿತು. ಕಾಯುವಿಕೆಯ ಜೊತೆಗೆ ಹೆಂಡತಿಯ ಪಾಲನ್ನೂ ಒಂದೇ ಮಸೂದೆಯಲ್ಲಿ ಇಟ್ಟು ನೋಡಿದ್ದರಲ್ಲಿ ವಿವೇಕವಿತ್ತು. ಕೈಯಲ್ಲಿ ಆಸ್ತಿಯಿರುವವಳ ಒಪ್ಪಿಗೆ ಸ್ವಂತದ್ದೇ ಎಂದು ಖಚಿತಪಡಿಸಿಕೊಳ್ಳಲು ನ್ಯಾಯಾಧೀಶರು ಆರು ತಿಂಗಳು ಕಾಯಬೇಕಾಗಿಲ್ಲ.